ಕಾಣದ ಗ್ರಹ ಹುಡುಕುವವರ ಫೋಟೋ ತೆಗೆಯೋದು ಹೇಗೆ?

ಮೊಬೈಲ್ ತೆಗೆದು ‘ಖಗೋಳ ವಿಜ್ಞಾನಿ’ ಅಂತ ಟೈಪ್ ಮಾಡಿ ಚಿತ್ರಗಳನ್ನು ಹುಡುಕಿ ನೋಡಿ. ಬರುವ ಚಿತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಬೆಟ್ಟದ ಮೇಲೊಬ್ಬ ಮನುಷ್ಯ, ಮುಂದೆ ಮೂರು ಕಾಲಿನ ದುರ್ಬೀನು, ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕೊಳವೆಗೆ ಇಟ್ಟ ಭಂಗಿ, ಹಿಂದೆ ಆಕಾಶಗಂಗೆ. ನೋಡೋಕೆ ಬಹಳ ಚೆಂದ. ಆದರೆ ಆ ವೃತ್ತಿಯಲ್ಲಿ ಇರುವವರು ಇವತ್ತು ಹಾಗೆ ನಿಂತು ಕೆಲಸ ಮಾಡೋದಿಲ್ಲ. ಅದರಲ್ಲೂ ಬೇರೆ ನಕ್ಷತ್ರಗಳ ಸುತ್ತ ತಿರುಗುವ ಗ್ರಹಗಳನ್ನು ಹುಡುಕುವವರು, ತಾವು ಹುಡುಕುವ ವಸ್ತುವನ್ನು ಬಹುತೇಕ ಒಮ್ಮೆಯೂ ಕಣ್ಣಾರೆ ಕಂಡಿರುವುದಿಲ್ಲ. ಅಂಥವರ ಫೋಟೋದಲ್ಲಿ ಏನನ್ನು ತೋರಿಸೋದು?

ಈ ಪ್ರಶ್ನೆ ನನ್ನ ಪಾಲಿಗೆ ಬಂದದ್ದು ನನ್ನ ಸೋದರತ್ತೆಯಿಂದ. ಅವರು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ಶಾಲೆಯ ವರಾಂಡದಲ್ಲಿ ‘ಇಲ್ಲಿಂದ ಹೋದವರು’ ಅಂತ ಒಂದು ಗೋಡೆ ಇದೆ. ಒಬ್ಬ ಡಾಕ್ಟರ್, ಒಬ್ಬ ತಹಶೀಲ್ದಾರ್, ರಾಜ್ಯ ತಂಡಕ್ಕೆ ಖೋ ಖೋ ಆಡಿದ ಇಬ್ಬರು ಅಕ್ಕತಂಗಿಯರು, ಹೀಗೆ. ಅದೇ ಶಾಲೆಯಲ್ಲಿ ಓದಿದ ಒಬ್ಬರು ಬೆಂಗಳೂರಿನಲ್ಲಿ ಖಗೋಳ ವಿಜ್ಞಾನಿ ಆಗಿದ್ದಾರೆ, ಅವರ ಫೋಟೋ ಮಾತ್ರ ಇಲ್ಲ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ಅದನ್ನೂ ಹಾಕಬೇಕು ಅನ್ನೋದು ಅತ್ತೆಯ ಆಸೆ. ನಾನು ವಾರದಲ್ಲಿ ಐದು ದಿನ ಕೋಡ್ ಬರೆಯುವವನು, ಉಳಿದೆರಡು ದಿನ ಕ್ಯಾಮೆರಾ ಹಿಡಿದು ಓಡಾಡುವವನು. ಕೆಲಸ ನನ್ನ ಮೇಲೆ ಬಿತ್ತು.

“ಲೋ, ದುರ್ಬೀನಿನಲ್ಲಿ ನೋಡ್ತಿರೋ ಥರ ಇರ್ಲಿ ಕಣೋ. ಮಕ್ಕಳಿಗೆ ಗೊತ್ತಾಗ್ಬೇಕಲ್ಲ, ಇವರು ಆಕಾಶ ನೋಡೋರು ಅಂತ” ಅಂದರು ಅತ್ತೆ.

ಆ ವಿಜ್ಞಾನಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಆ ಕಡೆಯಿಂದ ಸಣ್ಣ ನಗು ಬಂತು. “ಬನ್ನಿ, ತೆಗೀರಿ. ಆದ್ರೆ ದುರ್ಬೀನಿಗೆ ಕಣ್ಣಿಟ್ಟ ಹಾಗೆ ನಾನು ನಿಲ್ಲಲ್ಲ. ನಮ್ಮ ಟೆಲಿಸ್ಕೋಪಿನಲ್ಲಿ ಕಣ್ಣಿಡೋ ಜಾಗಾನೇ ಇಲ್ಲ. ಕಣ್ಣಿರೋ ಕಡೆ ಕ್ಯಾಮೆರಾ ಇದೆ.”

ಈ ಲೇಖನದಲ್ಲಿ ಅವರ ಹೆಸರು ಬೇಡ ಅಂತಲೂ ಹೇಳಿದರು. ಒಂದು ಗ್ರಹದ ಹಿಂದೆ ಹತ್ತಾರು ಜನರ ಕೆಲಸ ಇರುತ್ತದೆ, ಪತ್ರಿಕೆಯಲ್ಲಿ ಒಬ್ಬರ ಹೆಸರು ಮಾತ್ರ ಬಂದರೆ ಸರಿಯಲ್ಲ ಅನ್ನೋದು ಅವರ ವಾದ. ಹಾಗಾಗಿ ಇಲ್ಲಿ ಅವರು ಬರೀ ಮೇಡಂ.

ಕಾಣೋದಿಲ್ಲ, ಗೊತ್ತಾಗುತ್ತೆ

ಬೇರೆ ನಕ್ಷತ್ರದ ಗ್ರಹ ಯಾಕೆ ಕಾಣೋದಿಲ್ಲ? ನಮ್ಮ ಸೂರ್ಯನನ್ನೇ ತಗೊಳ್ಳಿ. ದೂರದಿಂದ ಯಾರಾದರೂ ಈ ಕಡೆ ನೋಡಿದರೆ, ಭೂಮಿಯಿಂದ ಪ್ರತಿಫಲಿಸುವ ಬೆಳಕಿಗಿಂತ ಸೂರ್ಯನ ಬೆಳಕು ಸುಮಾರು ಸಾವಿರ ಕೋಟಿ ಪಟ್ಟು ಹೆಚ್ಚು. ಜಾತ್ರೆಯ ಫ್ಲಡ್‌ಲೈಟಿನ ಪಕ್ಕದಲ್ಲಿ ಹಾರುವ ಮಿಂಚುಹುಳವನ್ನು ಮುಂದಿನ ಊರಿನಿಂದ ಹುಡುಕಿದ ಹಾಗೆ. ನೇರವಾಗಿ ಚಿತ್ರ ಸಿಕ್ಕಿರುವ ಬಾಹ್ಯಗ್ರಹಗಳೂ ಇವೆ, ಆದರೆ ಅವು ಬಹಳ ಕಡಿಮೆ. ಇದುವರೆಗೆ ಖಚಿತವಾಗಿರುವ ಬಾಹ್ಯಗ್ರಹಗಳ ಸಂಖ್ಯೆ 6,000 ದಾಟಿದೆ. ಅವುಗಳಲ್ಲಿ ಹೆಚ್ಚಿನವನ್ನು ಯಾರೂ ನೋಡಿಲ್ಲ, ಅವು ಇರುವುದನ್ನು ಲೆಕ್ಕದಿಂದ ತಿಳಿದಿದ್ದಾರೆ.

ತಿಳಿಯುವ ದಾರಿಗಳಲ್ಲಿ ಎರಡು ಮುಖ್ಯ. ಗ್ರಹ ಸುತ್ತುವಾಗ ತನ್ನ ನಕ್ಷತ್ರವನ್ನೂ ಚೂರು ಅಲ್ಲಾಡಿಸುತ್ತದೆ. ಮಗುವಿನ ಕೈ ಹಿಡಿದು ಗರಗರ ತಿರುಗಿಸುವ ಅಪ್ಪನೂ ಸ್ವಲ್ಪ ವಾಲುತ್ತಾನಲ್ಲ, ಹಾಗೆ. ಆ ವಾಲುವಿಕೆಯನ್ನು ನಕ್ಷತ್ರದ ಬೆಳಕಿನ ಬಣ್ಣಗಳಲ್ಲಿ ಅಳೆಯಬಹುದು. 1995ರಲ್ಲಿ ಮಿಷೆಲ್ ಮೇಯರ್ ಮತ್ತು ದಿದಿಯೆ ಕೆಲೋ ಹೀಗೇ 51 ಪೆಗಾಸಿ ನಕ್ಷತ್ರದ ಗ್ರಹವನ್ನು ಕಂಡುಹಿಡಿದರು. ಸೂರ್ಯನಂಥ ನಕ್ಷತ್ರದ ಸುತ್ತ ಸಿಕ್ಕ ಮೊದಲ ಗ್ರಹ ಅದು. 2019ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು.

ಇನ್ನೊಂದು ದಾರಿ ಸಂಕ್ರಮಣ. 2012ರ ಜೂನ್ 6ರ ಬೆಳಿಗ್ಗೆ ಶುಕ್ರಗ್ರಹ ಸೂರ್ಯನ ಮುಂದೆ ಕಪ್ಪು ಸಾಸಿವೆಯ ಹಾಗೆ ಹಾದುಹೋದದ್ದನ್ನು ನಿಮ್ಮಲ್ಲಿ ಹಲವರು ವಿಶೇಷ ಕನ್ನಡಕ ಹಾಕಿಕೊಂಡು ನೋಡಿರಬಹುದು. ದೂರದ ನಕ್ಷತ್ರದ ಮುಂದೆಯೂ ಅದರ ಗ್ರಹ ಹೀಗೇ ಹಾದುಹೋಗುತ್ತದೆ. ಸಾಸಿವೆ ನಮಗೆ ಕಾಣೋದಿಲ್ಲ, ನಕ್ಷತ್ರದ ಬೆಳಕು ಮಾತ್ರ ಒಂಚೂರು ಕಡಿಮೆಯಾಗುತ್ತದೆ. ಗುರುಗ್ರಹದಷ್ಟು ದೊಡ್ಡದು ಸೂರ್ಯನಂಥ ನಕ್ಷತ್ರದ ಮುಂದೆ ಬಂದರೆ ಬೆಳಕು ನೂರಕ್ಕೆ ಒಂದು ಪಾಲು ಇಳಿಯುತ್ತದೆ. ಭೂಮಿಯಷ್ಟಿದ್ದರೆ ಹತ್ತು ಸಾವಿರಕ್ಕೆ ಒಂದು ಪಾಲೂ ಇಲ್ಲ.

ಮೇಡಂ ಮಾಡೋದು ಈ ಎರಡನೆಯ ಥರದ ಕೆಲಸ. ಅವರ ತಾಯಿ ಈಗಲೂ ಊರಿನಲ್ಲೇ ಇದ್ದಾರೆ. ಮಗಳು ರಾತ್ರಿ ಡ್ಯೂಟಿ ಮುಗಿಸಿ ಬೆಳಿಗ್ಗೆ ಫೋನ್ ಮಾಡಿದರೆ ಅವರ ಮೊದಲ ಪ್ರಶ್ನೆ “ಕಂಡಿತಾ?” ಅಂತ. ಮಗಳ ಉತ್ತರ ಇಷ್ಟು ವರ್ಷದಿಂದ ಒಂದೇ: “ಇಲ್ಲಮ್ಮ, ಗೊತ್ತಾಯ್ತು.”

ಕಾವಲೂರಿನ ದಾರಿ

ಜನವರಿಯ ಒಂದು ಶುಕ್ರವಾರ ಅನುಮತಿ ಸಿಕ್ಕಿತು. ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ವಾಣಿಯಂಬಾಡಿ ದಾಟಿ ಆಲಂಗಾಯಂ ಕಡೆ ತಿರುಗಿದರೆ ತಮಿಳುನಾಡಿನ ಜವಾದಿ ಬೆಟ್ಟಸಾಲು. ಅಲ್ಲಿ, ಕಾಡಿನ ನಡುವೆ, ಸಮುದ್ರಮಟ್ಟದಿಂದ ಸುಮಾರು 725 ಮೀಟರ್ ಎತ್ತರದಲ್ಲಿ ಕಾವಲೂರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೇಣು ಬಾಪು ವೀಕ್ಷಣಾಲಯ ಇರೋದು ಇಲ್ಲೇ. ದಕ್ಷಿಣದ ಆಕಾಶವೂ ಚೆನ್ನಾಗಿ ಸಿಗಬೇಕು, ಊರಿನ ದೀಪಗಳೂ ದೂರ ಇರಬೇಕು ಅಂತ ವೇಣು ಬಾಪು ಅವರೇ 1960ರ ದಶಕದಲ್ಲಿ ಹುಡುಕಿ ಆರಿಸಿದ ಜಾಗ. 1986ರಲ್ಲಿ ಇಲ್ಲಿ 2.34 ಮೀಟರ್ ಕನ್ನಡಿಯ ದೂರದರ್ಶಕ ಕೆಲಸ ಶುರು ಮಾಡಿತು. ಬಾಪು ಅದಕ್ಕೆ ನಾಲ್ಕು ವರ್ಷ ಮೊದಲೇ ತೀರಿಕೊಂಡಿದ್ದರು.

ನಾವು ಆ ರಾತ್ರಿ ಹೋದದ್ದು ದೊಡ್ಡ ಗುಮ್ಮಟಕ್ಕಲ್ಲ, 2014ರಲ್ಲಿ ಬಂದ 1.3 ಮೀಟರ್ ದೂರದರ್ಶಕಕ್ಕೆ. ಅದಕ್ಕೆ ಜೆ.ಸಿ. ಭಟ್ಟಾಚಾರ್ಯ ಅವರ ಹೆಸರು. ಈ ಹೆಸರಿನ ಹಿಂದಿನ ಕಥೆ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಜಗತ್ತಿನ ಕೆಲವು ಕಡೆ ಅದನ್ನು ಗಮನಿಸಿದರು, ಕಾವಲೂರಿನಿಂದ ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಗಮನಿಸಿದರು. ಗ್ರಹ ಅಡ್ಡ ಬರುವ ಹೊತ್ತಿಗಿಂತ ಬೇರೆ ಹೊತ್ತಿನಲ್ಲೂ ನಕ್ಷತ್ರದ ಬೆಳಕು ಒಂದು ಕ್ಷಣ ಕುಸಿದದ್ದು ದಾಖಲಾಯಿತು. ಯುರೇನಸ್‌ಗೆ ಉಂಗುರಗಳಿವೆ ಅಂತ ಜಗತ್ತಿಗೆ ತಿಳಿದದ್ದು ಆ ದಿನದ ಇಂಥ ಕುಸಿತಗಳಿಂದ. ಉಂಗುರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬೆಳಕು ಕಡಿಮೆಯಾದದ್ದಷ್ಟೇ ಸಾಕ್ಷಿ.

“ಅವತ್ತು ಅವರಿಗೂ ಕಂಡಿದ್ದು ಒಂದು ಗೆರೇನೇ” ಅಂದರು ಮೇಡಂ, ಗುಮ್ಮಟದ ಮೆಟ್ಟಿಲು ಹತ್ತುತ್ತಾ.

ಫ್ಲ್ಯಾಶ್ ಇಲ್ಲ, ಟಾರ್ಚ್ ಇಲ್ಲ

ಒಳಗೆ ಹೋಗುವ ಮೊದಲು ನಿಯಮ ಹೇಳಿದರು. ಗುಮ್ಮಟ ತೆರೆದ ಮೇಲೆ ಫ್ಲ್ಯಾಶ್ ಇಲ್ಲ. ಮೊಬೈಲ್ ಜೇಬಿನಿಂದ ಹೊರಗೆ ಬರುವಂತಿಲ್ಲ. ನನ್ನ ಕ್ಯಾಮೆರಾದ ಫೋಕಸ್ ದೀಪ ಆಫ್ ಆಗಿರಬೇಕು, ಹಿಂದಿನ ಸ್ಕ್ರೀನ್ ಕೂಡ ಆಫ್. ನಾನು ಎಲ್ಲವನ್ನೂ ಬೆಂಗಳೂರಿನಲ್ಲೇ ಆಫ್ ಮಾಡಿ, ಬೆಳಗುವ ಬಟನ್‌ಗಳ ಮೇಲೆ ಕಪ್ಪು ಟೇಪ್ ಹಚ್ಚಿಕೊಂಡು ಹೋಗಿದ್ದೆ.

ಬೆಳಕು ಪೂರ್ತಿ ಇಳಿಯುವ ಮೊದಲು ಗುಮ್ಮಟದೊಳಗೆ ಇಪ್ಪತ್ತು ನಿಮಿಷ ಸಿಕ್ಕಿತು. ಗುಮ್ಮಟದ ಸೀಳು ತೆರೆಯಿತು, ನೇರಳೆ ಬಣ್ಣದ ಆಕಾಶ, ಕಬ್ಬಿಣದ ದೊಡ್ಡ ಚೌಕಟ್ಟಿನ ಕೆಳಗೆ ಸ್ವೆಟರ್ ಹಾಕಿ ಮಫ್ಲರ್ ಸುತ್ತಿಕೊಂಡ ಮೇಡಂ. ಫ್ರೇಮ್ ಅದ್ಭುತವಾಗಿತ್ತು. ಅತ್ತೆ ಕೇಳಿದ ಫೋಟೋಕ್ಕೆ ಅತಿ ಹತ್ತಿರದ್ದು ಅದೇ. ಹತ್ತು ಹನ್ನೆರಡು ತೆಗೆದೆ. ಮೇಡಂ ಸಹಕರಿಸಿದರು, ಆದರೆ ಕ್ಯಾಮೆರಾ ಕೆಳಗಿಟ್ಟಾಗ ಒಂದು ಮಾತು ಹೇಳಿದರು: “ಚೆನ್ನಾಗಿರುತ್ತೆ ಬಿಡಿ. ಆದ್ರೆ ಕೆಲಸ ನಡೆಯೋವಾಗ ನಾನು ಇಲ್ಲಿ ಇರೋದೇ ಇಲ್ಲ.”

ಕೆಲಸ ನಡೆಯೋದು ಪಕ್ಕದ ನಿಯಂತ್ರಣ ಕೊಠಡಿಯಲ್ಲಿ. ಎರಡು ಮೇಜು, ನಾಲ್ಕು ಮಾನಿಟರ್, ಒಂದು ಲಾಗ್ ಪುಸ್ತಕ, ಕಾಫಿ ಫ್ಲಾಸ್ಕ್, ಒಂದು ಡಬ್ಬದಲ್ಲಿ ಅವರ ತಾಯಿ ಕಳಿಸಿದ ಕೋಡುಬಳೆ. ಸ್ಕ್ರೀನ್ ನೋಡಿದರೆ ನನ್ನ ಆಫೀಸಿನ ಹಾಗೇ ಇತ್ತು. ಕಪ್ಪು ಟರ್ಮಿನಲ್, ಪೈಥಾನ್ ಕೋಡ್, ಹಳದಿ ಬಣ್ಣದ ವಾರ್ನಿಂಗ್ ಸಾಲುಗಳು. ಎಷ್ಟೋ ರಾತ್ರಿ ಸರ್ವರ್ ಬಿದ್ದಾಗ ನಾನೂ ಹೀಗೇ ಕೂತಿರುತ್ತೇನೆ. ವ್ಯತ್ಯಾಸ ಅಂದರೆ, ನನ್ನ ಗ್ರಾಫ್ ಕುಸಿದರೆ ಮ್ಯಾನೇಜರ್ ಫೋನ್ ಬರುತ್ತೆ. ಇಲ್ಲಿ ಗ್ರಾಫ್ ಕುಸಿಯಲಿ ಅಂತಲೇ ಕಾಯುತ್ತಿದ್ದರು.

ವರ್ಷಕ್ಕೆ 29 ಮಿಲಿಸೆಕೆಂಡ್

ಆ ರಾತ್ರಿಯ ಗ್ರಹದ ಹೆಸರು ವಾಸ್ಪ್-12ಬಿ. ಚಳಿಗಾಲದ ರಾತ್ರಿ ನೆತ್ತಿಯ ಹತ್ತಿರ ಬರುವ ವಿಜಯಸಾರಥಿ ನಕ್ಷತ್ರಪುಂಜದಲ್ಲಿ, ಸುಮಾರು 1,400 ಜ್ಯೋತಿರ್ವರ್ಷ ದೂರದಲ್ಲಿ ಅದರ ನಕ್ಷತ್ರ ಇದೆ. ಬರಿಗಣ್ಣಿಗೆ ಕಾಣೋದಿಲ್ಲ. ಆ ರಾತ್ರಿ ನಮ್ಮ ಕ್ಯಾಮೆರಾಕ್ಕೆ ಬಂದು ಮುಟ್ಟಿದ ಬೆಳಕು ಅಲ್ಲಿಂದ ಹೊರಟಾಗ ಹೆಚ್ಚುಕಡಿಮೆ ಬಾದಾಮಿಯಲ್ಲಿ ಇಮ್ಮಡಿ ಪುಲಿಕೇಶಿಯ ಕಾಲ.

ಈ ಗ್ರಹ ಸಿಕ್ಕಿದ್ದು 2008ರಲ್ಲಿ. ಹುಡುಕಿದ ಸಾಧನ ಯಾವುದು ಗೊತ್ತಾ? ಫೋಟೋಗ್ರಾಫರ್‌ಗಳು ಬಾಯಿ ಚಪ್ಪರಿಸುವ ಕ್ಯಾನನ್ 200 ಎಂಎಂ ಎಫ್ 1.8 ಲೆನ್ಸ್! ವಾಸ್ಪ್ ಯೋಜನೆಯವರು ಇಂಥ ಎಂಟೆಂಟು ಲೆನ್ಸ್‌ಗಳನ್ನು ಒಂದೇ ಚೌಕಟ್ಟಿಗೆ ಜೋಡಿಸಿ, ಲಾ ಪಾಲ್ಮಾ ದ್ವೀಪದಲ್ಲೊಂದು, ದಕ್ಷಿಣ ಆಫ್ರಿಕಾದಲ್ಲೊಂದು ಇಟ್ಟು, ರಾತ್ರಿಯೆಲ್ಲ ಆಕಾಶದ ಫೋಟೋ ತೆಗೆಸುತ್ತಿದ್ದರು. ಕ್ರಿಕೆಟ್ ಮೈದಾನದ ಅಂಚಿನಲ್ಲಿ ಕಾಣುವ ಥರದ ಲೆನ್ಸ್‌ನಿಂದ ಗ್ರಹಗಳು ಸಿಕ್ಕಿವೆ ಅಂದರೆ ನಮ್ಮಂಥ ಹವ್ಯಾಸಿಗಳಿಗೆ ಎಷ್ಟು ಹೆಮ್ಮೆ ನೋಡಿ.

2008ರಲ್ಲೇ ಸಿಕ್ಕ ಗ್ರಹವನ್ನು ಈಗ ಮತ್ತೆ ಯಾಕೆ ನೋಡಬೇಕು? ಇದನ್ನೇ ಕೇಳಿದೆ. ಮೇಡಂ ಉತ್ತರ: “ಅದು ಬೀಳ್ತಾ ಇದೆ, ಅದಕ್ಕೆ.”

ವಾಸ್ಪ್-12ಬಿ ಗುರುಗ್ರಹಕ್ಕಿಂತ ಭಾರ, ಗಾತ್ರದಲ್ಲಿ ಅದರ ಹೆಚ್ಚುಕಡಿಮೆ ಎರಡು ಪಟ್ಟು ಅಗಲ. ಆದರೂ ತನ್ನ ನಕ್ಷತ್ರಕ್ಕೆ ಎಷ್ಟು ಅಂಟಿಕೊಂಡಿದೆ ಅಂದರೆ, ಒಂದು ಸುತ್ತು ಮುಗಿಸೋಕೆ ಸುಮಾರು 26 ಗಂಟೆ ಸಾಕು. ಅಲ್ಲಿನ ಒಂದು ವರ್ಷ ನಮ್ಮ ಒಂದು ದಿನಕ್ಕಿಂತ ಚೂರು ಉದ್ದ, ಅಷ್ಟೇ. ನಕ್ಷತ್ರದ ಸೆಳೆತಕ್ಕೆ ಗ್ರಹ ಮೊಟ್ಟೆಯ ಆಕಾರಕ್ಕೆ ಎಳೆದುಕೊಂಡಿದೆ. ಸುತ್ತುತ್ತಾ ಸುತ್ತುತ್ತಾ ಒಳಕ್ಕೆ ಸರಿಯುತ್ತಿದೆ. ಅದರ ಸುತ್ತಿನ ಅವಧಿ ವರ್ಷಕ್ಕೆ ಸುಮಾರು 29 ಮಿಲಿಸೆಕೆಂಡ್‌ನಷ್ಟು ಕಡಿಮೆಯಾಗುತ್ತಿದೆ. ಹೀಗೇ ಹೋದರೆ ಸುಮಾರು 30 ಲಕ್ಷ ವರ್ಷಗಳಲ್ಲಿ ನಕ್ಷತ್ರ ಅದನ್ನು ನುಂಗುತ್ತದೆ. ನಮಗೆ ಇದು ಬಹಳ ದೊಡ್ಡ ಸಂಖ್ಯೆ, ಆಕಾಶದ ಲೆಕ್ಕದಲ್ಲಿ ನಾಳೆ ನಾಡಿದ್ದು.

29 ಮಿಲಿಸೆಕೆಂಡ್ ಅಂದರೆ ಎಷ್ಟು? ಒಂದು ಸೆಕೆಂಡನ್ನು ಸಾವಿರ ಚೂರು ಮಾಡಿ, ಅದರಲ್ಲಿ 29 ಚೂರು. ಕಣ್ಣು ಮಿಟುಕಿಸೋಕೆ ಇದರ ಹಲವು ಪಟ್ಟು ಸಮಯ ಬೇಕು. ನನ್ನ ಕೆಲಸದಲ್ಲಿ ಒಂದು ಸರ್ವರ್ 29 ಮಿಲಿಸೆಕೆಂಡ್‌ನಲ್ಲಿ ಉತ್ತರ ಕೊಟ್ಟರೆ ‘ಪರವಾಗಿಲ್ಲ’ ಅಂತ ಮುಂದೆ ಹೋಗುತ್ತೇವೆ. 1,400 ಜ್ಯೋತಿರ್ವರ್ಷ ದೂರದ ಅಷ್ಟು ಸಣ್ಣ ಬದಲಾವಣೆ ಹೇಗೆ ಸಿಗುತ್ತದೆ?

ಒಂದು ರಾತ್ರಿಯಲ್ಲಿ ಖಂಡಿತ ಸಿಗುವುದಿಲ್ಲ. ದಿನಕ್ಕೆ ಒಂದು ಚೂರು ಮುಂದೆ ಓಡುವ ಗಡಿಯಾರ ಇವತ್ತು ಸರಿಯಾಗೇ ಕಾಣುತ್ತದೆ, ವರ್ಷಗಟ್ಟಲೆ ಬಿಟ್ಟರೆ ಬಸ್ಸು ತಪ್ಪಿಸುತ್ತದೆ. ಈ ಗ್ರಹವೂ ಹಾಗೆ. ಹತ್ತಾರು ವರ್ಷದ ಸಾವಿರಾರು ಸುತ್ತುಗಳಲ್ಲಿ ಆ ಚೂರುಗಳು ಕೂಡಿ, ಸಂಕ್ರಮಣ ಹಳೆಯ ಲೆಕ್ಕಕ್ಕಿಂತ ನಿಮಿಷಗಟ್ಟಲೆ ಮೊದಲೇ ಬರುತ್ತದೆ. ಹಾಗಾಗಿ ಬೇರೆ ಬೇರೆ ದೇಶದ ಜನ ಪ್ರತಿವರ್ಷ ಇದರ ಸಮಯವನ್ನು ಅಳೆದು ಸೇರಿಸುತ್ತಾ ಹೋಗುತ್ತಾರೆ. ಮೇಡಂ ಆ ರಾತ್ರಿ ಸೇರಿಸಬೇಕಿದ್ದದ್ದು ಆ ಉದ್ದನೆಯ ಪಟ್ಟಿಗೆ ಒಂದು ಚುಕ್ಕಿ.

ಬೇಕಂತಲೇ ಮಸುಕು

ಒಂಬತ್ತೂವರೆಗೆ ಫೋಟೋಗಳು ಶುರುವಾದವು, ಸುಮಾರು ನಿಮಿಷಕ್ಕೊಂದು. ಮೊದಲ ಚಿತ್ರ ಸ್ಕ್ರೀನಿಗೆ ಬಂದಾಗ ನಾನು ಕುರ್ಚಿಯಿಂದ ಮುಂದೆ ಬಗ್ಗಿದೆ. ನಕ್ಷತ್ರಗಳು ಚುಕ್ಕಿಗಳಾಗಿರಲಿಲ್ಲ, ಚಕ್ಕುಲಿ ನಡುವಿನ ತೂತಿನ ಹಾಗೆ ಉಬ್ಬಿದ ಬಳೆಗಳಾಗಿದ್ದವು. ಅಷ್ಟು ದುಬಾರಿ ಸಾಧನದ ಫೋಕಸ್ ಹೀಗಾ?

“ಬೇಕಂತಲೇ ಕೆಡಿಸಿದ್ದು” ಅಂದರು ಮೇಡಂ. ಕಾರಣ ಕೇಳಿದರೆ ಯಾವ ಫೋಟೋಗ್ರಾಫರ್‌ಗಾದರೂ ಖುಷಿಯಾಗುತ್ತದೆ. ನಕ್ಷತ್ರವನ್ನು ಚೂಪಾಗಿ ಫೋಕಸ್ ಮಾಡಿದರೆ ಅದರ ಬೆಳಕೆಲ್ಲ ಕೆಲವೇ ಪಿಕ್ಸೆಲ್‌ಗಳ ಮೇಲೆ ಬೀಳುತ್ತದೆ. ಯಾವ ಎರಡು ಪಿಕ್ಸೆಲ್‌ಗಳೂ ಪೂರ್ತಿ ಒಂದೇ ಥರ ಇರುವುದಿಲ್ಲ. ನಕ್ಷತ್ರ ಒಂದು ಪಿಕ್ಸೆಲ್ ಆಚೀಚೆ ಸರಿದರೂ ಲೆಕ್ಕ ಏರುಪೇರಾಗುತ್ತದೆ, ಬೇಗ ತುಂಬಿ ಉಕ್ಕುವ ಭಯವೂ ಇದೆ. ಅದೇ ಬೆಳಕನ್ನು ನೂರಾರು ಪಿಕ್ಸೆಲ್‌ಗಳ ಮೇಲೆ ಹರಡಿದರೆ ಅವುಗಳ ಹೆಚ್ಚುಕಡಿಮೆ ಒಂದಕ್ಕೊಂದು ಸರಿಹೋಗುತ್ತದೆ. ಚಿತ್ರ ಚೆನ್ನಾಗಿ ಕಾಣಬೇಕಿಲ್ಲ, ಎಣಿಕೆ ಸರಿ ಇರಬೇಕು.

ಇನ್ನೊಂದು ತೊಡಕು ನಮ್ಮ ಗಾಳಿ. ತೆಳು ಮೋಡ ಬಂದರೂ ಬೆಳಕು ಇಳಿಯುತ್ತದೆ. ಇಳಿಸಿದ್ದು ಮೋಡವೋ ಗ್ರಹವೋ ಅಂತ ತಿಳಿಯೋದು ಹೇಗೆ? ಅದಕ್ಕೆ ಅದೇ ಚಿತ್ರದಲ್ಲಿರುವ ಅಕ್ಕಪಕ್ಕದ ನಕ್ಷತ್ರಗಳನ್ನೂ ಅಳೆಯುತ್ತಾರೆ. ಇದನ್ನು ಮೇಡಂ ನಮ್ಮ ಅತ್ತೆಗೆ ಅರ್ಥವಾಗುವ ಹಾಗೆ ಹೇಳಿದರು: “ಇಡೀ ಕ್ಲಾಸಿನ ಮಾರ್ಕ್ಸ್ ಇಳಿದಿದ್ರೆ ಪೇಪರ್ ಕಷ್ಟ ಇತ್ತು ಅಂತ. ಒಬ್ಬಳದೇ ಇಳಿದಿದ್ರೆ ಅವಳ ಮನೇಲಿ ಏನೋ ಆಗಿದೆ ಅಂತ.”

ಫೋಟೋ ತೆಗೆಯೋದು ನನಗೂ ಸುಲಭ ಇರಲಿಲ್ಲ. ಕೊಠಡಿಯಲ್ಲಿ ಇದ್ದದ್ದು ಮಾನಿಟರ್ ಬೆಳಕು ಮಾತ್ರ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ಎರಡು ಸೆಕೆಂಡ್, ನಾಲ್ಕು ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟೆ. ಗೋಡೆ, ಮೇಜು, ಫ್ಲಾಸ್ಕ್ ಎಲ್ಲ ಚೂಪಾಗಿ ಬಂದವು. ಮೇಡಂ ಮಾತ್ರ ಕಾಫಿಗೆ ಕೈ ಚಾಚಿ, ಲಾಗ್ ಬರೆದು, ಕುರ್ಚಿ ತಿರುಗಿಸಿ, ಪ್ರತಿ ಚಿತ್ರದಲ್ಲೂ ಮಸುಕಾದರು. ಆಗಾಗ ಎದ್ದು ಬಾಗಿಲು ತೆಗೆದು ಹೊರಗೆ ಹೋಗಿ ತಲೆ ಎತ್ತಿ ನಿಲ್ಲುತ್ತಿದ್ದರು, ಮೋಡ ಬಂತಾ ಅಂತ. ಇಡೀ ರಾತ್ರಿಯಲ್ಲಿ ಅವರು ಕಣ್ಣಿನಿಂದ ಆಕಾಶ ನೋಡಿದ್ದು ಇಷ್ಟಕ್ಕೇ.

ಮದ್ರಾಸಿನ ಕ್ಯಾಪ್ಟನ್

ಹತ್ತೂ ನಲವತ್ತರ ಸುಮಾರಿಗೆ ಚುಕ್ಕಿಗಳ ಸಾಲು ಕೆಳಕ್ಕೆ ತಿರುಗಿತು. ಮೊದಲು ಒಂದು, ಆಮೇಲೆ ಎರಡು, ಆಮೇಲೆ ಅನುಮಾನವಿಲ್ಲದಂತೆ. ನಾನು “ಬಂತು!” ಅಂದೆ. ಮೇಡಂ ಏನೂ ಹೇಳದೆ ಪಕ್ಕದ ನಕ್ಷತ್ರಗಳ ಗ್ರಾಫ್ ತೆಗೆದು ನೋಡಿದರು. ಅವು ಸಮ ಇದ್ದವು. ಆಮೇಲೆ ನಕ್ಕರು.

ಸಂಕ್ರಮಣ ಸುಮಾರು ಮೂರು ಗಂಟೆಯದ್ದು. ಕಾಯುವಾಗ ಒಂದು ಕಥೆ ಹೇಳಿದರು. ಬಾಹ್ಯಗ್ರಹ ಸಿಕ್ಕಿದೆ ಅಂತ ಜಗತ್ತಿನಲ್ಲಿ ಬಹಳ ಮೊದಲೇ ಸಾರಿದವರಲ್ಲಿ ಒಬ್ಬರು ನಮ್ಮ ದಕ್ಷಿಣ ಭಾರತದಲ್ಲೇ ಕೂತಿದ್ದರು. 1855ರಲ್ಲಿ ಮದ್ರಾಸ್ ವೀಕ್ಷಣಾಲಯದ ಕ್ಯಾಪ್ಟನ್ ಡಬ್ಲ್ಯು.ಎಸ್. ಜೇಕಬ್, ಉರಗಧರ ನಕ್ಷತ್ರಪುಂಜದ 70 ಒಫಿಯೂಕಿ ಎಂಬ ಜೋಡಿ ನಕ್ಷತ್ರದ ಚಲನೆಯಲ್ಲಿ ಲೆಕ್ಕಕ್ಕೆ ಕೂಡದ ಒಂದು ವ್ಯತ್ಯಾಸ ಕಂಡರು. ಅಲ್ಲಿ ಕಾಣದ ಗ್ರಹವೊಂದು ಇರಬಹುದು ಅಂತ ಬರೆದರು. ಮುಂದೆ ಬೇರೆಯವರ ಅಳತೆಗಳಲ್ಲಿ ಆ ಗ್ರಹ ಉಳಿಯಲಿಲ್ಲ. ಆ ಮದ್ರಾಸ್ ವೀಕ್ಷಣಾಲಯದ ಪರಂಪರೆಯೇ ಕೊಡೈಕೆನಾಲ್ ಮೂಲಕ ಹರಿದು ಇವತ್ತಿನ ಬೆಂಗಳೂರಿನ ಸಂಸ್ಥೆಯವರೆಗೆ ಬಂದಿದೆ.

“ಅವರಿಗೆ ಅವಮಾನ ಆಯ್ತು ಅಂತ ನನಗೆ ಅನಿಸಲ್ಲ. ತಾವು ಅಳೆದಿದ್ದನ್ನು ಬರೆದಿಟ್ಟರು, ಅದಕ್ಕೇ ಬೇರೆಯವರು ಪರೀಕ್ಷೆ ಮಾಡೋಕೆ ಆಯ್ತು” ಅಂದರು ಮೇಡಂ. ಗ್ರಹ ಬೇಕು ಬೇಕು ಅಂತ ನೋಡಿದರೆ ಎಲ್ಲ ಕುಸಿತದಲ್ಲೂ ಗ್ರಹವೇ ಕಾಣುತ್ತದಂತೆ. ಹಾಗಾಗಿ ಇದು ಬೇರೇನೋ ಇರಬಹುದಾ ಅಂತ ಕೇಳಿಕೊಳ್ಳೋದರಲ್ಲೇ ಅವರ ಹೆಚ್ಚಿನ ದಿನಗಳು ಹೋಗುತ್ತವೆ.

ಮಾತು ಗೋಡೆಯ ಫೋಟೋಗಳ ಕಡೆ ತಿರುಗಿತು. 2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಪ್ರತಿ ದೇಶಕ್ಕೂ ಒಂದು ನಕ್ಷತ್ರ, ಒಂದು ಗ್ರಹಕ್ಕೆ ಹೆಸರಿಡುವ ಅವಕಾಶ ಕೊಟ್ಟಿತ್ತು. ಭಾರತದ ಪಾಲಿನ ನಕ್ಷತ್ರಕ್ಕೆ ‘ಬಿಭಾ’ ಎಂಬ ಹೆಸರು ಬಂತು. ಕಾಸ್ಮಿಕ್ ಕಿರಣಗಳ ಬಗ್ಗೆ ಕೆಲಸ ಮಾಡಿದ ಭೌತವಿಜ್ಞಾನಿ ಬಿಭಾ ಚೌಧುರಿ ಅವರ ನೆನಪಿಗೆ. ಅದರ ಗ್ರಹಕ್ಕೆ ‘ಸಂತಮಸ’, ಮೋಡ ಕವಿದದ್ದು ಎಂಬ ಅರ್ಥದಲ್ಲಿ. “ಆ ಹೆಸರು ಬರೋವರೆಗೂ ನಾನೇ ಅವರ ಬಗ್ಗೆ ಹೆಚ್ಚು ಕೇಳಿರಲಿಲ್ಲ ನೋಡಿ. ನಮ್ಮ ಶಾಲೆಯಲ್ಲಿ ವಿಜ್ಞಾನಿಗಳ ಚಾರ್ಟ್ ಇತ್ತು. ಅದರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಈಗ ನೀವು ಹಾಕೋದಾದ್ರೆ ನಿಜವಾದದ್ದು ಹಾಕಿ. ಆ ಮಕ್ಕಳಲ್ಲಿ ಯಾರಾದ್ರೂ ಒಬ್ಬಳು ಮುಂದೆ ಈ ಕೆಲಸಕ್ಕೆ ಬಂದು, ಕೊಳವೆ ಎಲ್ಲಿ ಅಂತ ಹುಡುಕೋ ಹಾಗೆ ಆಗಬಾರದು.”

ಅವರ ಹಟ ನನಗೆ ಪೂರ್ತಿ ಅರ್ಥವಾದದ್ದು ಆಗ. ಅವರೇ ಎಂ.ಎಸ್ಸಿ. ಮಾಡುವಾಗ ಮೊದಲ ಸಲ ವೀಕ್ಷಣಾಲಯಕ್ಕೆ ಹೋಗಿ, ಅಲ್ಲಿ ಇಡೀ ರಾತ್ರಿ ಕಂಪ್ಯೂಟರ್ ಮುಂದೆ ಕೂತು, ಇದು ನಾನು ಅಂದುಕೊಂಡ ಕೆಲಸ ಅಲ್ಲ ಅಂತ ವಾಪಸ್ ಬರುವ ಯೋಚನೆ ಮಾಡಿದ್ದರಂತೆ. ಜೊತೆಗೆ ಬಂದಿದ್ದ ಒಬ್ಬ ಹುಡುಗಿ ನಿಜಕ್ಕೂ ಬಿಟ್ಟು ಹೋದಳಂತೆ.

ಒಂದೂ ಕಾಲಿಗೆ ಮೋಡ ಬಂತು. ಮೊದಲು ತೆಳುವಾಗಿ, ಪಕ್ಕದ ನಕ್ಷತ್ರಗಳ ಲೆಕ್ಕದಿಂದ ಸರಿಮಾಡುವಷ್ಟು. ಆಮೇಲೆ ಪೂರ್ತಿ. ಗ್ರಹ ನಕ್ಷತ್ರದ ಮುಂದಿನಿಂದ ಹೊರಬರುವ ಕೊನೆಯ ಭಾಗ, ಅಂದರೆ ಗೆರೆ ಮತ್ತೆ ಮೇಲೇಳುವ ಜಾಗ, ಸಿಗಲಿಲ್ಲ. ಎರಡೂ ಅಂಚು ಸಿಕ್ಕಿದ್ದರೆ ನಡುವಿನ ಸಮಯ ನಿಖರವಾಗಿ ಬರುತ್ತಿತ್ತು. ಒಂದೇ ಅಂಚು ಸಿಕ್ಕರೆ ಅನುಮಾನದ ಅಂತರ ಹಿಗ್ಗುತ್ತದೆ. ಎರಡೂವರೆವರೆಗೂ ಕಾದರು. ಆಮೇಲೆ ಗುಮ್ಮಟ ಮುಚ್ಚಿಸಿ, ಲಾಗ್ ಪುಸ್ತಕದಲ್ಲಿ ‘ಅಪೂರ್ಣ, ಮೋಡ’ ಅಂತ ಬರೆದು ಸಮಯ ಹಾಕಿ ಸಹಿ ಮಾಡಿದರು. ಬೇಸರ ಆಗಲ್ವಾ ಅಂತ ಕೇಳಿದೆ. “ಆಗುತ್ತೆ. ಆದ್ರೆ 26 ಗಂಟೆಗೆ ಮತ್ತೆ ಬರುತ್ತಲ್ಲ, ನಮ್ಮ ರಾತ್ರಿಗೆ ಸರಿಹೋಗೋದಕ್ಕೆ ಸ್ವಲ್ಪ ದಿನ ಕಾಯ್ಬೇಕು” ಅಂದರು.

ಯಾವ ಫೋಟೋ?

ಊರಿಗೆ ಬಂದು 200ಕ್ಕೂ ಹೆಚ್ಚು ಚಿತ್ರಗಳಲ್ಲಿ ಮೂರನ್ನು ಆರಿಸಿದೆ. ಒಂದು, ನೇರಳೆ ಆಕಾಶದ ಕೆಳಗೆ ದೂರದರ್ಶಕದ ಪಕ್ಕ ನಿಂತದ್ದು. ಎರಡು, ಬಾಗಿಲಲ್ಲಿ ಮಫ್ಲರ್ ಸುತ್ತಿಕೊಂಡು ಮೋಡ ನೋಡುತ್ತಿರುವುದು. ಮೂರು, ಸ್ಕ್ರೀನಿನ ಬೆಳಕಿನಲ್ಲಿ ಕೂತಿರುವುದು. ಮುಖ ಅರ್ಧ ಕತ್ತಲು, ಕೈ ಚೂರು ಅಲುಗಿದೆ, ಆ ಕೈಯ ಮುಂದೆ ಕೆಳಗಿಳಿದ ಚುಕ್ಕಿಗಳ ಸಾಲು ಸ್ಪಷ್ಟವಾಗಿದೆ. ಮೇಜಿನ ಮೇಲೆ ಕೋಡುಬಳೆ ಡಬ್ಬವೂ ಇದೆ.

ಅತ್ತೆ ಮೊದಲನೆಯದನ್ನೇ ಹಿಡಿದರು. “ಇದು ನೋಡು, ಎಷ್ಟು ಲಕ್ಷಣವಾಗಿದೆ. ಮೂರನೇದ್ರಲ್ಲಿ ಬ್ಯಾಂಕಿನಲ್ಲಿ ಕೂತಿರೋ ಥರ ಇದ್ದಾರೆ.” ಫಿಸಿಕ್ಸ್ ಮೇಷ್ಟ್ರಿಗೆ ಮೂರನೆಯದೇ ಬೇಕು. ಕನ್ನಡ ಮೇಡಂಗೆ ಮೋಡದ್ದು ಇಷ್ಟ. ಸ್ಟಾಫ್ ರೂಮಿನಲ್ಲಿ ಎರಡು ದಿನ ಚರ್ಚೆ ನಡೆಯಿತಂತೆ. ನಾನು ಅತ್ತೆಗೆ ಮೇಡಂ ಹೇಳಿದ್ದನ್ನು, ಬಿಟ್ಟುಹೋದ ಆ ಹುಡುಗಿಯ ವಿಷಯವನ್ನು ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಂಗಾದ್ರೆ ಮೂರನೇದೇ ಹಾಕಿಸು. ದೊಡ್ಡದಾಗಿ ಹಾಕಿಸು, ಚುಕ್ಕಿ ಎಲ್ಲ ಕಾಣ್ಬೇಕು” ಅಂದರು.

ಫೋಟೋದ ಕೆಳಗೆ ಏನು ಬರೆಯಬೇಕು ಅಂತ ಮೇಡಂ ಅವರನ್ನೇ ಕೇಳಿದೆವು. ಹೆಸರು, ಓದಿದ ವರ್ಷ, ಆಮೇಲೆ ಎರಡು ಸಾಲು ಕಳಿಸಿದರು: ‘ಈ ಚಿತ್ರದಲ್ಲಿ ಗ್ರಹ ಕಾಣುವುದಿಲ್ಲ. ಅದು ಇದೆ ಎಂದು ನಮಗೆ ಗೊತ್ತಾಗುವುದು ಹೇಗೆ ಎಂಬುದು ಕಾಣುತ್ತದೆ.’

ಫೆಬ್ರವರಿ 28ರಂದು ನನಗೆ ಆಫೀಸಿನಲ್ಲಿ ರಿಲೀಸ್ ಇತ್ತು, ಹೋಗಲು ಆಗಲಿಲ್ಲ. ಮಧ್ಯಾಹ್ನ ಅತ್ತೆಯ ಫೋನ್ ಬಂತು. ಹಿಂದೆ ಮಕ್ಕಳ ಗಲಾಟೆ. ಅತ್ತೆ ಪಾಠ ಮಾಡೋದು ಸಮಾಜ ವಿಜ್ಞಾನ, ಅವರ ದನಿಯಲ್ಲಿ ಆತುರ ಇತ್ತು.

“ಲೋ, ಎಂಟನೇ ಕ್ಲಾಸಿನ ಒಬ್ಬಳು ಕೇಳ್ತಿದ್ದಾಳೆ, ಚುಕ್ಕಿ ಸಾಲು ಕೆಳಗೆ ಇಳಿದಿದ್ದು ಮತ್ತೆ ಮೇಲೆ ಯಾಕೆ ಬಂದಿಲ್ಲ ಅಂತ. ಮೇಷ್ಟ್ರು ಊಟಕ್ಕೆ ಹೋಗಿದ್ದಾರೆ. ಏನು ಹೇಳ್ಲಿ?”

“ಮೋಡ ಬಂತು ಅಂತ ಹೇಳಿ ಅತ್ತೆ” ಅಂದೆ.

ಫೋನಿನಲ್ಲೇ ಅವರು ಆ ಹುಡುಗಿಗೆ ಹೇಳಿದ್ದು ಕೇಳಿಸಿತು. ಅವಳ ಮುಂದಿನ ಪ್ರಶ್ನೆಯೂ ಕೇಳಿಸಿತು: “ಮೋಡ ಅಂತ ಹೆಂಗೆ ಗೊತ್ತಾಯ್ತು ಮಿಸ್?”